ಹಾಳೆ ಓದಲು ಗುಂಪಿನಲ್ಲಿ ಕೂಡಿ

ಅಡರಕಟ್ಟಿ, ಲಕ್ಷ್ಮೇಶ್ವರದ ಕಡೆ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುವ ಹುಡುಗರ ಕಿವಿ ಬಲು ಚುರುಕು. ಸಹಜವೇ ಬಿಡಿ, ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತ ಕಲಿಸಿದ ಸೀಮೆ ಇದು. ಆದರೆ ಐದು ಗೆರೆಯ ಸ್ಟಾಫ್ ನೊಟೇಶನ್ ಮುಂದಿಟ್ಟರೆ ಅದೇ ಹುಡುಗರು ತಡವರಿಸುತ್ತಾರೆ.

ಒಬ್ಬರೇ ಪುಸ್ತಕ ಹಿಡಿದು ಕೂತರೆ ತಪ್ಪಿದಲ್ಲೆಲ್ಲ ನಿಲ್ಲುತ್ತೀರಿ, ಓದು ಕುಂಟುತ್ತದೆ. ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೋಫೋನ್ ಸೇರಿ ಹದಿನೇಳು ಮಂದಿಯ ಬಿಗ್ ಬ್ಯಾಂಡ್ ನಿಮಗಾಗಿ ನಿಲ್ಲುವುದಿಲ್ಲ. ಅವಕಾಶ ಸಿಕ್ಕರೆ ಅಳುಕದೆ ಸೇರಿ. ಬೇಸ್‌ನವರಿಗೆ ಅಲ್ಲೊಂದು ಅನುಕೂಲವಿದೆ: ವಾಕಿಂಗ್ ಬೇಸ್‌ನಲ್ಲಿ ಬಹುಪಾಲು ಬೀಟಿಗೊಂದೇ ಸ್ವರ. ಲಯದ ಗೊಂದಲ ಕಡಿಮೆ, ಕಣ್ಣು ಸ್ವರದ ಜಾಗ ಹುಡುಕಿಕೊಳ್ಳುತ್ತದೆ. ಬೇಸ್ ಕ್ಲೆಫ್‌ನ ಎರಡು ಚುಕ್ಕೆಗಳ ನಡುವಿನ ಗೆರೆ ಎಫ್. ಡಿ ತಂತಿಯ ಮೂರನೇ ಫ್ರೆಟ್. ಅದೊಂದು ಗಟ್ಟಿಯಾದರೆ ಅಲ್ಲಿಂದ ಮೇಲೆ ಕೆಳಗೆ ಎಣಿಸಿಕೊಳ್ಳಬಹುದು.

ಕಣ್ಣು ಕೈಗಿಂತ ಒಂದು ಬಾರ್ ಮುಂದಿರಲಿ. ದಾರಿ ತಪ್ಪಿದರೆ ಪ್ರತಿ ಬಾರಿನ ಮೊದಲ ಸ್ವರ ಮಾತ್ರ ಹಿಡಿಯಿರಿ. ಹಾಳೆಯಲ್ಲಿ ಬರೀ ಕಾರ್ಡ್ ಹೆಸರಿದ್ದರೆ ಬಿಡಬೇಡಿ, ಬರೆದ ಬೇಸ್ ಸಾಲನ್ನೇ ಕೇಳಿ. ಇಲ್ಲದಿದ್ದರೆ ಮತ್ತೆ ಕಿವಿಯೇ ಗೆಲ್ಲುತ್ತದೆ!

ಬಿಗ್ ಬ್ಯಾಂಡಿಗೆ ಬೆಂಗಳೂರಿನ ದಾರಿ ದೂರವಾದರೆ ಹತ್ತಿರದ ಚರ್ಚ್ ಕಾಯರ್ ವಿಚಾರಿಸಿ. ನಾಲ್ಕು ಧ್ವನಿಯ ಸ್ಟಾಫ್ ನೊಟೇಶನ್ ಪುಸ್ತಕವಿದ್ದರೆ ಅದರ ತೀರ ಕೆಳಗಿನ ಧ್ವನಿಯನ್ನು ಅವರೊಂದಿಗೆ ನುಡಿಸಿ. ನಿಧಾನದ ಹಾಡುಗಳು, ಹೊಸಬರಿಗೆ ಹೇಳಿ ಮಾಡಿಸಿದಂತಿರುತ್ತವೆ.