ಇಳಿಸಿಕೊಂಡ ಚೀಲ

ತಮ್ಮಾ, ಹಳ್ಳಿ ಕಡೆಯ ಗಿರಾಕಿಗಳ ಲೈನ್ ದಿನಕ್ಕೆ ಒಂದೆರಡು ತಾಸು ಬಂದರೆ ಹೆಚ್ಚು, ಅವರ ಇಮೇಲ್ ನಿನ್ನ ಸರ್ವರಿನ ಕ್ಯೂ ತುಂಬುತ್ತದೆ ಎಂದು ಮೊನ್ನೆ ಬೇಸರಪಟ್ಟೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ದೌಂಡದ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವನು. ಸೊಲ್ಲಾಪುರದ ಗಾಡಿಯಿಂದ ಇಳಿದ ಟಪಾಲಿನ ಚೀಲ ಮನಮಾಡದ ಗಾಡಿಗಾಗಿ ಜಂಕ್ಷನ್ನಿನಲ್ಲಿ ಕಾಯುತ್ತಿತ್ತು. ಗಾಡಿ ತಡವಾಯಿತೆಂದು ಅದನ್ನು ಯಾರೂ ತಿರುಗಿ ಸೊಲ್ಲಾಪುರಕ್ಕೆ ಕಳಿಸುತ್ತಿರಲಿಲ್ಲ. ಇಮೇಲ್ ಪೂರ್ತಿ ಪಡೆದು ನಿನ್ನ ಸರ್ವರ್ ‘250’ ಎಂದು ಉತ್ತರ ಕೊಟ್ಟಿತೋ, ಚೀಲ ಇಳಿಸಿಕೊಂಡ ಹಾಗೆ. ಅಲ್ಲಿಂದ ಹೊಣೆ ನಿನ್ನದು.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಪುಣೆಯಲ್ಲಿ ಡಯಲ್-ಅಪ್ ಕಾಲದ ನೌಕರಿ. ಮಳೆಗಾಲದಲ್ಲಿ ದೌಂಡದ ಬೆಲ್ಲದ ವ್ಯಾಪಾರಿಯೊಬ್ಬರ ಫೋನ್ ಎಂಟು ದಿನ ಸತ್ತಿತ್ತು. ಸೆಂಡ್‌ಮೇಲ್‌ನ ತಲುಪದ ಟಪಾಲನ್ನು ಐದೇ ದಿನ ಇಟ್ಟುಕೊಳ್ಳುವ ಮಿತಿಯನ್ನು ನಾನು ಬದಲಿಸಿರಲಿಲ್ಲ. ಆರನೆಯ ದಿನದಿಂದ ಅವರ ಆರ್ಡರುಗಳು ಒಂದೊಂದಾಗಿ ಕಳಿಸಿದವರಿಗೇ ವಾಪಸು. ವ್ಯಾಪಾರಿ ಬೈಯಲಿಲ್ಲ. ಅಂಚಿನಲ್ಲಿ ತೂತುಗಳಿದ್ದ ಪ್ರಿಂಟರ್ ಕಾಗದವನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟು, “ಅಂಗಡಿ ಮುಚ್ಚಿದಿರಾ ಅಂತ ಕೇಳ್ತಿದ್ದಾರೆ, ಏನು ಹೇಳಲಿ?” ಎಂದರು. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಆ ಕಾಗದ ಇನ್ನೂ ಕಣ್ಣಿಗೆ ಕಟ್ಟಿದೆ.

ಹಾಗಾಗಿ ಇಂಥವರ ಟಪಾಲನ್ನು ಬೇರೆಯೇ ಇಡು, ಅವಧಿ ಹೆಚ್ಚಿಸು. ಮುಚ್ಚಿದ ಬಾಗಿಲನ್ನು ಅರ್ಧ ಗಂಟೆಗೊಮ್ಮೆ ಬಡಿಯುತ್ತಿದ್ದರೆ ಉಳಿದವರ ಟಪಾಲೂ ತಡವಾಗುತ್ತದೆ. ಲೈನ್ ಬಂದಾಗ ಅವರ ಯಂತ್ರವೇ ಕೂಗಿ ಕೇಳಲಿ. ಅದಕ್ಕೆಂದೇ 1996ರಲ್ಲಿ ಗೊತ್ತುಮಾಡಿದ ಇಟಿಆರ್‌ಎನ್ ಆಜ್ಞೆಯಿದೆ, ಪೋಸ್ಟ್‌ಫಿಕ್ಸ್ ಮೇಲ್ ತಂತ್ರಾಂಶಕ್ಕೆ ಅದು ಗೊತ್ತು. ಆದರೆ ನಿನ್ನ ಸರ್ವರ್ ತಿರುಗಿ ಅವರಲ್ಲಿಗೆ ಹೋಗಬೇಕಾದ್ದರಿಂದ ಅವರಿಗೆ ಸ್ಥಿರ ಐಪಿ ವಿಳಾಸ ಬೇಕು. ವಿಳಾಸ ಬದಲಾಗುತ್ತಿರುವವರಿಗೆ 1999ರ ಎಟಿಆರ್‌ಎನ್ ಬಂತು. ಪಾಸ್‌ವರ್ಡ್ ಕೊಟ್ಟು, ಅದೇ ಸಂಪರ್ಕದಲ್ಲೇ ಟಪಾಲು ಒಯ್ಯಬಹುದು.

ಸುಲಭವೆಂದು ಇಡೀ ಆಫೀಸಿನ ಟಪಾಲನ್ನು ಒಂದೇ ಪಾಪ್ ಪೆಟ್ಟಿಗೆಗೆ ಮಾತ್ರ ಸುರಿಯಬೇಡ. ಯಾರಿಗೆ ತಲುಪಬೇಕೆಂಬುದು ಇರುವುದು ಲಕೋಟೆಯ ಮೇಲೆ. ಪೆಟ್ಟಿಗೆಗೆ ಬೀಳುವಾಗ ಲಕೋಟೆ ಹರಿದುಹೋಗುತ್ತದೆ, ಬಿಸಿಸಿಯಲ್ಲಿ ಬಂದವರ ಹೆಸರು ಒಳಗಿನ ಕಾಗದದಲ್ಲಿ ಇರುವುದೇ ಇಲ್ಲ. ಆಮೇಲೆ ಯಾರದು ಯಾರಿಗೆಂದು ಊಹಿಸುತ್ತ ಕೂರಬೇಕಾಗುತ್ತದೆ.

ಮೂರು ದಿನ ಯಾರೂ ಒಯ್ಯದಿದ್ದರೆ ನೀನೇ ವಿಚಾರಿಸು. ಆ ಪ್ರಸಂಗದ ನಂತರ ನಾನು ಆ ವ್ಯಾಪಾರಿಯ ಪಕ್ಕದ ಅಂಗಡಿಯ ನಂಬರ್ ಬರೆದಿಟ್ಟುಕೊಂಡಿದ್ದೆ. ಲೈನ್ ಸತ್ತಾಗ ಫೋನ್ ಮಾಡಿದರೆ ಅವರ ಮಗ ಪ್ಯಾಸೆಂಜರ್ ಗಾಡಿಯಲ್ಲಿ ಬಂದು, ಟಪಾಲನ್ನು ಫ್ಲಾಪಿಯಲ್ಲಿ ಹಾಕಿಸಿಕೊಂಡು, ಸಂಜೆಯ ಗಾಡಿಗೆ ದೌಂಡಕ್ಕೆ ಹೋಗುತ್ತಿದ್ದ.