ನೆಲೋಗಿಯ ಗಾಯರಾಣವೂ ಹಾಲಿನ ಆಕಳೂ

ಜೇವರ್ಗಿ ತಾಲ್ಲೂಕಿನ ನೆಲೋಗಿಯ ಸುತ್ತಣ ಸೀಮೆಯು ಯರೆಭೂಮಿಯ ಸೀಮೆ. ತೊಗರಿಯೂ ಹಿಂಗಾರಿನ ಬಿಳಿಜೋಳವೂ ನೆಲವನ್ನೆಲ್ಲ ವ್ಯಾಪಿಸಿರುವ ಇಲ್ಲಿ ದನಗಳ ಪಾಲಿಗೆ ಉಳಿದಿರುವುದು ಗಾಯರಾಣ, ಹಳ್ಳದ ದಂಡೆ, ಹೊಲದ ಒಡ್ಡು ಮತ್ತು ಸುಗ್ಗಿ ಮುಗಿದ ಮೇಲಿನ ಕೂಳೆ, ಇಷ್ಟೇ. 1966ರ ಕರ್ನಾಟಕ ಭೂಕಂದಾಯ ನಿಯಮಗಳು ನೂರು ದನಗಳಿಗೆ 12 ಹೆಕ್ಟೇರು, ಎಂದರೆ ಸುಮಾರು 30 ಎಕರೆ, ಗಾಯರಾಣವನ್ನು ಕಾದಿರಿಸಬೇಕೆಂದು ವಿಧಿಸುತ್ತವೆ. ಈ ಲೆಕ್ಕದಂತೆ ತಲೆಗೆ 12 ಗುಂಟೆ ಬಂದಿತು. ಮಳೆಯನ್ನೇ ನಂಬಿದ ಹುಲ್ಲುಗಾವಲು ವರ್ಷಕ್ಕೆ ಹೆಕ್ಟೇರಿಗೆ 2 ಟನ್ನು ಒಣಹುಲ್ಲನ್ನು ಕೊಟ್ಟೀತೆಂದು ಎಣಿಸಿದರೂ, ದಿನವೊಂದಕ್ಕೆ 10 ಕಿಲೋ ಒಣಮೇವನ್ನು ಬೇಡುವ 400 ಕಿಲೋ ತೂಕದ ಆಕಳಿಗೆ ಆ ಪಾಲು 24 ದಿನಗಳಿಗೆ ಮಾತ್ರ ಸಾಲುವುದು. ಆದುದರಿಂದ ಗಾಯರಾಣವೊಂದರಿಂದಲೇ ಹಾಲು ಕರೆದೇವೆಂಬ ಆಸೆಯನ್ನು ಮೊದಲೇ ಬಿಡುವುದು ಲೇಸು. ಆದರೆ ಇದ್ದಷ್ಟು ಹುಲ್ಲನ್ನು, ಅದು ಬೆಳೆಯುವ ಕ್ರಮವನ್ನರಿತು ಮೇಯಿಸಿದಲ್ಲಿ, ಮಳೆಗಾಲದ ತಿಂಗಳುಗಳಲ್ಲಿ ಹಿಂಡಿಯ ವೆಚ್ಚವು ಇಳಿಯುವುದರಲ್ಲಿ ಸಂದೇಹವಿಲ್ಲ.

ಮೇದ ಹುಲ್ಲು ಬುಡದಲ್ಲಿಯೂ ಬೇರಿನಲ್ಲಿಯೂ ಸಂಚಯಿಸಿಟ್ಟ ಸತ್ವವನ್ನು ವ್ಯಯಮಾಡಿ ಹೊಸ ಎಲೆಯನ್ನು ಹೊರಡಿಸುತ್ತದೆ. ಆ ಎಲೆಯು ಬಿಸಿಲಿನಲ್ಲಿ ಆಹಾರವನ್ನು ಸಿದ್ಧಗೊಳಿಸಿ ಬೇರಿನ ಋಣವನ್ನು ತೀರಿಸುವ ಮುನ್ನವೇ ಮತ್ತೊಮ್ಮೆ ಹಲ್ಲಿಗೆ ಸಿಕ್ಕಿತೆಂದರೆ, ಬೇರು ಕುಗ್ಗಿ, ಸವಿಯಾದ ಬಹುವಾರ್ಷಿಕ ಹುಲ್ಲುಗಳು ಕ್ರಮೇಣ ನಶಿಸಿ, ಅವುಗಳ ಸ್ಥಾನವನ್ನು ದನ ಮುಟ್ಟದ ತಂಗಡಿಯೂ, ತಿಂದರೆ ಹಾಲನ್ನೇ ಕಹಿಮಾಡುವ ಪಾರ್ಥೇನಿಯಂ ಕಸವೂ ಆಕ್ರಮಿಸುತ್ತವೆ. ಫ್ರಾನ್ಸಿನ ನಾರ್ಮಂಡಿಯ ಕೃಷಿಕ ಆಂದ್ರೆ ವಾಜಾಂ 1957ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದುದು ಇದನ್ನೇ: ಹುಲ್ಲಿಗೆ ಸಾಕಷ್ಟು ವಿಶ್ರಾಂತಿಯಿರಬೇಕು, ದನವು ಒಂದೆಡೆಯಲ್ಲಿ ಬಹುಕಾಲ ನಿಲ್ಲಬಾರದು. ನಾರ್ಮಂಡಿಯ ತಂಪು ನೆಲೋಗಿಗೆ ಎಲ್ಲಿಂದ ಬರಬೇಕು! ಆದರೂ ಹುಲ್ಲಿನ ಸ್ವಭಾವವು ಎರಡೂ ಕಡೆ ಒಂದೇ.

ಗಾಯರಾಣಕ್ಕೆ ಬೇಲಿ ಹಾಕುವುದು ದುಸ್ಸಾಧ್ಯವಾದ್ದರಿಂದ, ಊರವರೆಲ್ಲ ಕೂಡಿ ಕಲ್ಲು ನೆಟ್ಟು ಅದನ್ನು ಆರು ಭಾಗ ಮಾಡಿ, ದನ ಕಾಯುವವನಿಗೆ ಪಾಳಿಯನ್ನು ಗೊತ್ತುಪಡಿಸಿದರೆ ಸಾಕು. ಒಂದೊಂದು ಭಾಗದಲ್ಲಿ 5 ದಿನ ಮೇಯಿಸಿದಲ್ಲಿ ಪ್ರತಿಯೊಂದಕ್ಕೂ 25 ದಿನಗಳ ವಿಶ್ರಾಂತಿ ದೊರೆಯುತ್ತದೆ. ಶ್ರಾವಣ ಭಾದ್ರಪದಗಳಲ್ಲಿ ಇಷ್ಟು ಸಾಕಾದೀತು, ಮಳೆ ಹಿಂದೆಗೆದ ಮೇಲೆ ಇದರ ಇಮ್ಮಡಿಯೂ ಸಾಲದು, ಆಗ ದನಗಳ ಸಂಖ್ಯೆಯನ್ನು ಇಳಿಸಿ ಕಟ್ಟಿ ಮೇಯಿಸತಕ್ಕದ್ದು. ನೆಲದಿಂದ ನಾಲ್ಕು ಬೆರಳು ಹುಲ್ಲು ಉಳಿದಿರುವಾಗಲೇ ದನವನ್ನು ಎಬ್ಬಿಸಬೇಕು. ಹೊಸ ಭಾಗಕ್ಕೆ ಹಾಲು ಕರೆಯುವ ಆಕಳುಗಳನ್ನು ಮೊದಲು ಬಿಟ್ಟು, ಬತ್ತಿದವುಗಳನ್ನೂ ಎತ್ತುಗಳನ್ನೂ ಅವುಗಳ ಹಿಂದೆ ಬಿಡುವುದು ಯುಕ್ತ; ತುದಿಯ ಎಳೆ ಎಲೆಯಲ್ಲಿಯೇ ಪೋಷಕಾಂಶವು ಅಧಿಕ. ಎರಡು ಹರದಾರಿ ನಡೆದು ಬರಡು ನೆಲವನ್ನು ಮೂಸಿ ಬರುವ ಆಕಳು ಹಾಲಾಗಬೇಕಾದ ಶಕ್ತಿಯನ್ನು ಕಾಲಿಗೇ ವೆಚ್ಚಮಾಡುತ್ತದೆಂಬುದನ್ನು ನಮ್ಮವರು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಯರೆ ನೆಲವು ನೆನೆದಿರುವಾಗ ಗೊರಸು ಹೂತು ಹುಲ್ಲಿನ ಬುಡ ಕಿತ್ತುಬರುವುದಲ್ಲದೆ, ಆರಿದ ಮೇಲೆ ನೆಲ ಗಟ್ಟಿಯಾಗಿ ನೀರು ಇಂಗದು. ಜಡಿಮಳೆಯ ದಿನಗಳಲ್ಲಿ ಹಿಂಡನ್ನು ಮರಡಿಯ ಗರಸು ನೆಲಕ್ಕೆ ಹೊಡೆಯುವುದೇ ಸರಿ. ಬೇಸಿಗೆಯಲ್ಲಿ ಬೆಳಗು ಸಂಜೆ ಮಾತ್ರ ಮೇಯಿಸಬೇಕು.

ಉಳಿದ ಹೊಟ್ಟೆಯನ್ನು ತುಂಬತಕ್ಕದ್ದು ಕಣಿಕೆ. ಅದರಲ್ಲಿ ಸಸಾರಜನಕವು ಅತ್ಯಲ್ಪ. ಕತ್ತರಿಸಿ, ತೊಗರಿ ಹೊಟ್ಟು ಅಥವಾ ಶೇಂಗಾ ಬಳ್ಳಿಯೊಡನೆ ಬೆರೆಸಿ, ಬಾವಿಯ ನೀರಿದ್ದವರು ಕುದುರೆ ಮೆಂತೆಯನ್ನೂ ಸೇರಿಸಿ ಹಾಕಬೇಕು. ಶರೀರಪೋಷಣೆಗೆ ಕೊಡುವುದನ್ನು ಬಿಟ್ಟು ಎರಡೂವರೆ ಲೀಟರು ಹಾಲಿಗೆ ಒಂದು ಕಿಲೋ ದಾಣಿಯೂ, ದಿನಕ್ಕೆ 50 ಗ್ರಾಮು ಖನಿಜ ಮಿಶ್ರಣವೂ ಆಕಳಿಗೆ ಸಲ್ಲಬೇಕು. ಒಂದು ಲೀಟರು ಹಾಲಿಗೆ ನಾಲ್ಕೈದು ಲೀಟರು ನೀರು ಹೆಚ್ಚಾಗಿ ಬೇಕು; ಹಿಂಡಿಗೆ ಹಣ ಸುರಿದು ನೀರಿಗೆ ಜಿಪುಣತನ ಮಾಡುವವರು ಕಡಿಮೆಯಿಲ್ಲ.

ಕೂಳೆಯ ವಿಷಯದಲ್ಲಿ ಮಾತ್ರ ಅತ್ಯಂತ ಜಾಗರೂಕತೆ ಅವಶ್ಯ. ಕೊಯ್ದ ಜೋಳದ ಬುಡದಿಂದ ಅಕಾಲ ಮಳೆಗೆ ಒಡೆದ ಚಿಗುರಿನಲ್ಲಿಯೂ, ಮಳೆಯಿಲ್ಲದೆ ಬಾಡಿದ ಎಳೆಯ ಜೋಳದಲ್ಲಿಯೂ ಧುರಿನ್ ಎಂಬ ದ್ರವ್ಯವಿದ್ದು, ಅದು ಹೊಟ್ಟೆಯಲ್ಲಿ ಹೈಡ್ರೋಸಯನಿಕ್ ಆಮ್ಲವಾಗಿ ಪರಿಣಮಿಸುತ್ತದೆ. ಹಸಿದ ಆಕಳು ಇದನ್ನು ಮೇದರೆ ಸ್ವಲ್ಪ ಹೊತ್ತಿನಲ್ಲಿಯೇ ಏದುಸಿರು ಬಿಟ್ಟು, ತತ್ತರಿಸಿ ನೆಲಕ್ಕುರುಳುತ್ತದೆ. ಚಿಗುರೊಡೆದ ಕೂಳೆಗೆ ದನವನ್ನು ಬಿಡತಕ್ಕದ್ದಲ್ಲ; ಹೂವಾಡಿದ ಜೋಳದಲ್ಲಿ ವಿಷವು ಬಹಳ ಮಟ್ಟಿಗೆ ಇಳಿದಿರುತ್ತದೆ, ಚೆನ್ನಾಗಿ ಒಣಗಿದ ಕಣಿಕೆಯಲ್ಲಿ ಭಯವಿಲ್ಲ. ಲಕ್ಷಣ ಕಂಡೊಡನೆ ಮನೆಮದ್ದಿಗೆ ಹೊತ್ತು ಕಳೆಯದೆ ಪಶುವೈದ್ಯರನ್ನು ಕರೆಯಿಸಿರಿ. ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದನ್ನು ವೇಳೆಗೆ ಸರಿಯಾಗಿ ರಕ್ತನಾಳಕ್ಕೆ ಕೊಟ್ಟಲ್ಲಿ ಆಕಳು ಬದುಕಿಕೊಳ್ಳುವುದುಂಟು.