ಕೇಕಿನ ಅಂಗಡಿ: ಆರಂಭ ಮತ್ತು ನಿರ್ವಹಣೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಮನೆಗಳಲ್ಲಿ ಇಂದು ಮಗುವಿನ ಹುಟ್ಟುಹಬ್ಬವೆಂದರೆ ಹೋಳಿಗೆ, ಶ್ಯಾವಿಗೆ ಪಾಯಸಗಳ ಪಕ್ಕದಲ್ಲಿ ಒಂದು ಕೇಕೂ ಬಂದು ಕುಳಿತಿರುತ್ತದೆ. ಹಿರಿಯರಿಗೆ ಇದು ಸರಿಬರಲಿ, ಬಾರದಿರಲಿ, ಬೇಡಿಕೆಯಂತೂ ನೆಲೆಯೂರಿದೆ. ಅದನ್ನು ಕಂಡು ಓದು ಮುಗಿಸಿದ ತರುಣರು ತೊಗರಿ ಮಾರಿದ ಹಣವನ್ನೋ ಬ್ಯಾಂಕಿನ ಸಾಲವನ್ನೋ ಹೂಡಿ ಅಂಗಡಿ ತೆರೆಯಲು ಮುಂದಾಗುತ್ತಾರೆ. ಹೀಗೆ ಹೂಡುವ ಹಣ ಬಹುಮಟ್ಟಿಗೆ ಇಡೀ ಕುಟುಂಬದ ಹಲವು ವರ್ಷಗಳ ಉಳಿತಾಯ; ಕಳೆದರೆ ಮರಳಿ ಕೂಡಿಸುವುದು ಸುಲಭವಲ್ಲ. ಆದಕಾರಣ ಈ ಕಾಯಕದ ಒಳಹೊರಗನ್ನು ಮೊದಲೇ ಅರಿಯುವುದು ಅವಶ್ಯ.

ಭಾರತದಲ್ಲಿ ಕೇಕಿನ ಚರಿತ್ರೆಯನ್ನು ಸಾಮಾನ್ಯವಾಗಿ ಕೇರಳದ ತಲಶ್ಶೇರಿಯಿಂದ ಆರಂಭಿಸುವುದು ವಾಡಿಕೆ. ಅಲ್ಲಿ 1883ರಲ್ಲಿ ಮಾಂಬಳ್ಳಿ ಬಾಪು ಎಂಬವರು ಆಂಗ್ಲ ತೋಟಗಾರನೊಬ್ಬನಿಗಾಗಿ ಕ್ರಿಸ್ಮಸ್ ಕೇಕನ್ನು ತಯಾರಿಸಿದರೆಂಬುದು ಪ್ರಸಿದ್ಧವಾದ ವೃತ್ತಾಂತ. ಕನ್ನಡ ನಾಡಿನ ಮಟ್ಟಿಗೆ ಇದಕ್ಕಿಂತ ಬೋಧಪ್ರದವಾದುದು ಅಯ್ಯಂಗಾರ್ ಬೇಕರಿಗಳ ಕಥೆ. ಹಾಸನದ ಕಡೆಯಿಂದ ಬೆಂಗಳೂರಿಗೆ ಬಂದ ತಿರುಮಲಾಚಾರ್ ಸಹೋದರರು 1898ರಲ್ಲಿ ಚಿಕ್ಕಪೇಟೆಯ ಬಳಿ ಬಿ.ಬಿ. ಬೇಕರಿಯನ್ನು ತೆರೆದರು. ಸಿಹಿತಿಂಡಿಯ ಅಂಗಡಿ ನಡೆಸುತ್ತಿದ್ದ ಅವರಿಗೆ ಬೇಕರಿಯ ವಿದ್ಯೆ ಆಂಗ್ಲನೊಬ್ಬನಿಂದ ದೊರೆಯಿತೆಂದು ಹೇಳುತ್ತಾರೆ. ಪರದೇಶದ ಭಟ್ಟಿಯನ್ನು ಸ್ವೀಕರಿಸಿದ ಈ ಸಮಾಜ ತನ್ನ ಮಡಿಯನ್ನು ಬಿಟ್ಟುಕೊಡಲಿಲ್ಲ. ಮೊಟ್ಟೆಯಿಲ್ಲದ ತಿನಿಸುಗಳೇ ಅದರ ಹೆಸರನ್ನು ಬೆಳೆಸಿದವು. ಬಂಧುಗಳ ಮಕ್ಕಳು ಭಟ್ಟಿಯ ಮುಂದೆ ಕೆಲಸ ಕಲಿತು, ಬೇರೆ ಬೀದಿಯಲ್ಲಿ ತಮ್ಮದೇ ಅಂಗಡಿ ಹಾಕಿದರು. ಹೀಗೆ ಒಂದರಿಂದ ನೂರಾದವು.

ಈ ಕಥೆ ನಮ್ಮ ಭಾಗಕ್ಕೆ ನೇರವಾಗಿ ಸಂಬಂಧಿಸಿದೆ. ಇಲ್ಲಿನ ಅಂಗಡಿಕಾರನಿಗೆ ಗಿರಾಕಿ ಕೇಳುವ ಮೊದಲ ಪ್ರಶ್ನೆ ಬೆಲೆಯದಲ್ಲ. “ತತ್ತಿ ಹಾಕೀರೇನ್ರಿ?” ಎಂದು ತಾಯಂದಿರು ಕೇಳುತ್ತಾರೆ. ಲಿಂಗಾಯತ, ಜೈನ, ವೈಶ್ಯ ಮನೆಗಳಲ್ಲಿ ಆ ಉತ್ತರದ ಮೇಲೆ ಎಲ್ಲವೂ ನಿಂತಿದೆ. ಮೊಟ್ಟೆಯ ಕೇಕನ್ನೂ ಮಾರುವುದಾದರೆ ಪಾತ್ರೆ, ತಟ್ಟೆ, ಕತ್ತರಿಸುವ ಚಾಕು, ಇಡುವ ಕಪಾಟು ಎಲ್ಲವೂ ಬೇರೆಯಾಗಿರಬೇಕು, ಮತ್ತು ಅದನ್ನು ಕೇಳುವ ಮೊದಲೇ ಹೇಳಬೇಕು. ಒಮ್ಮೆ ಸುಳ್ಳು ಹೇಳಿ ಸಿಕ್ಕಿಬಿದ್ದವನ ಅಂಗಡಿಗೆ ಆ ಓಣಿ ಮತ್ತೆ ಬಾರದು; ಇಂತಹ ಸುದ್ದಿ ಸಣ್ಣ ಊರಿನಲ್ಲಿ ಸಂಜೆಯೊಳಗೆ ಎಲ್ಲ ಮನೆಗಳನ್ನೂ ಮುಟ್ಟುತ್ತದೆ.

ಮೊಟ್ಟೆಯನ್ನು ಬಿಟ್ಟಮಾತ್ರಕ್ಕೆ ಕೇಕು ತಾನಾಗಿ ಒದಗಿ ಬರುವುದಿಲ್ಲ. ಮೊಟ್ಟೆ ಕೇಕಿನಲ್ಲಿ ಮೂರು ಕೆಲಸ ಮಾಡುತ್ತದೆ: ಕಲಸಿದ ಹಿಟ್ಟಿನಲ್ಲಿ ಗಾಳಿಯನ್ನು ಹಿಡಿದಿಡುತ್ತದೆ, ಎಣ್ಣೆ ಮತ್ತು ನೀರನ್ನು ಬೆರೆಸುತ್ತದೆ, ಕಾವಿಗೆ ಗಟ್ಟಿಯಾಗಿ ಕೇಕಿಗೆ ಆಕಾರ ಕೊಡುತ್ತದೆ. ಇವನ್ನು ಬೇರೆ ಪದಾರ್ಥಗಳಿಂದ ಪಡೆಯಬೇಕು. ಹುಳಿ ಮೊಸರಿನ ಆಮ್ಲ ಅಡಿಗೆ ಸೋಡಾದೊಡನೆ ಸೇರಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಆ ಗುಳ್ಳೆಗಳೇ ಕೇಕನ್ನು ಉಬ್ಬಿಸುತ್ತವೆ. ಕಾಲು ಕಿಲೋ ಮೈದಾಕ್ಕೆ ಒಂದು ಸಣ್ಣ ಚಮಚ ಸೋಡಾ ಸಾಕು. ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ. ಬೆರೆಸಿದ ಕ್ಷಣದಿಂದಲೇ ಅನಿಲ ಹೊರಡುವುದರಿಂದ ಕಲಸಿದ ಹಿಟ್ಟನ್ನು ಕಾಯಿಸಬಾರದು. ಭಟ್ಟಿಯನ್ನು ಮುಂಚೆಯೇ ಸುಮಾರು 180 ಡಿಗ್ರಿ ಸೆಲ್ಸಿಯಸ್ ಕಾವಿಗೆ ತಂದಿರಬೇಕು. ಗಟ್ಟಿ ಸಿಹಿಹಾಲು ಬಳಸಿದರೆ ಮೃದುತ್ವ ಬರುತ್ತದೆ, ಖರ್ಚೂ ಏರುತ್ತದೆ. ಅಡಿಗೆಮನೆಯಲ್ಲಿ ಗೃಹಿಣಿ ಕೈಯಳತೆಯಲ್ಲಿ ಹೋಳಿಗೆ ಮಾಡಬಲ್ಲಳು. ಕೇಕಿನಲ್ಲಿ ಆ ವಿದ್ಯೆ ನಡೆಯದು. ಮೈದಾ, ಸಕ್ಕರೆ, ಸೋಡಾ ಎಲ್ಲವನ್ನೂ ತಕ್ಕಡಿಗೆ ಹಾಕಲೇಬೇಕು. ಕೆಲಸದ ಮೇಜಿಗೆ ಶಹಾಬಾದಿನ ಕಲ್ಲುಚಪ್ಪಡಿ ಅಗ್ಗವೂ ತಂಪೂ ಹೌದು. ಆದರೆ ಅದು ಸುಣ್ಣಕಲ್ಲಾದುದರಿಂದ ನಿಂಬೆಹುಳಿ, ಮೊಸರು ಬಿದ್ದೊಡನೆ ಒರೆಸದಿದ್ದರೆ ಕಲೆಗಟ್ಟುತ್ತದೆ.

ಅಂಗಡಿಯ ಸ್ಥಳವನ್ನು ಆರಿಸುವಾಗ ಊರಿನ ಸ್ವಭಾವವನ್ನು ನೋಡಬೇಕು. ವಾಡಿ ರೈಲ್ವೆ ಜಂಕ್ಷನ್ ಹಾಗೂ ಸಿಮೆಂಟಿನ ಊರು. ಅಲ್ಲಿ ಪಗಾರದ ವಾರ ಮತ್ತು ಡಿಸೆಂಬರ್ ತಿಂಗಳು ಬೇರೆಯೇ ವ್ಯಾಪಾರ ತರುತ್ತವೆ. ಸೇಡಮ್ಮಿನಲ್ಲಿ ಸಿಮೆಂಟ್ ಕಾರ್ಖಾನೆಯ ಜೊತೆಗೆ ಸುತ್ತಲ ಹಳ್ಳಿಗಳ ಪೇಟೆಯೂ ಇದೆ. ಚಿತ್ತಾಪುರ ಕಚೇರಿ ಮತ್ತು ಶಾಲೆಗಳ ಊರು. ಶಹಾಬಾದಿನ ಕಲ್ಲುಗಣಿಗಳ ದಿನಗೂಲಿಯವರಿಗೆ ಕೆನೆಯ ಕೇಕಿಗಿಂತ ಚಹಾದೊಡನೆ ತಿನ್ನುವ ಟೋಸ್ಟ್, ಖಾರಿ, ಬನ್ನುಗಳು ಬೇಕು. ಚಿಂಚೋಳಿಗೆ ಸಾಮಗ್ರಿ ಸಾಗಿಸುವ ಖರ್ಚು ಹೆಚ್ಚು. ಅಲ್ಲಿ ಅಂಗಡಿ ಇಡುವವನು ಮೈದಾ, ಡಾಲ್ಡಾಗಳನ್ನು ಹೆಚ್ಚು ದಾಸ್ತಾನು ಮಾಡಬೇಕಾಗುತ್ತದೆ. ಇನ್ನೊಂದು ಮಾತು. 1948ರವರೆಗೆ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ಈ ಸೀಮೆಯ ನಾಲಿಗೆಗೆ ಹೈದರಾಬಾದಿನ ಉಸ್ಮಾನಿಯಾ ಬಿಸ್ಕತ್ತಿನ ಪರಿಚಯ ಹಳೆಯದು. ಬೆಂಗಳೂರಿನ ಮಾದರಿಯನ್ನಷ್ಟೇ ನಕಲು ಮಾಡುವ ಅಂಗಡಿ ಇದನ್ನು ಮರೆತು ನಷ್ಟಪಡುತ್ತದೆ.

ಬೇಸಿಗೆಯ ವಿಷಯವನ್ನು ಕಡೆಗಣಿಸುವಂತಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ನೆರಳಿನಲ್ಲಿಯೇ 40 ಡಿಗ್ರಿ ದಾಟುವ ಪ್ರದೇಶವಿದು. ಬೆಣ್ಣೆಯ ಕೆನೆ 30 ಡಿಗ್ರಿ ದಾಟಿದೊಡನೆ ಕರಗಿ ಅಲಂಕಾರ ಕೆಳಗಿಳಿಯುತ್ತದೆ. ಕೆನೆಯ ಕೇಕುಗಳನ್ನು ಸುಮಾರು 4 ಡಿಗ್ರಿಯ ಶೀತಕಪಾಟಿನಲ್ಲಿಡಬೇಕು. ವಿದ್ಯುತ್ತು ಹೋದಾಗ ಅದನ್ನು ನಡೆಸುವ ವ್ಯವಸ್ಥೆಯನ್ನು ಮೊದಲ ಬಂಡವಾಳದಲ್ಲಿಯೇ ಸೇರಿಸಬೇಕು. ಅದಕ್ಕೆ ಹಣ ಸಾಲದವನು ಮಾರ್ಚಿಯಿಂದ ಜೂನ್‌ವರೆಗೆ ಸಾದಾ ಕೇಕು, ದಿಲ್‌ಪಸಂದ್, ನಾನ್‌ಖಟಾಯಿಗಳನ್ನೇ ಮುಂದಿಟ್ಟು, ಕೆನೆಯದನ್ನು ಹೇಳಿ ಮಾಡಿಸುವವರಿಗೆ ಮಾತ್ರ, ಮುಂಗಡ ಪಡೆದು ಮಾಡಿಕೊಡುವುದು ವಿವೇಕ.

ಈ ಕಾಯಕದಲ್ಲಿ ಮುಳುಗಿದವರು ಬಹುಮಟ್ಟಿಗೆ ರುಚಿ ಕೆಟ್ಟು ಮುಳುಗಿದವರಲ್ಲ, ಲೆಕ್ಕ ಕೆಟ್ಟು ಮುಳುಗಿದವರು. ಕೇವಲ ಉದಾಹರಣೆಗಾಗಿ ಹೀಗೆ ಇಟ್ಟುಕೊಳ್ಳೋಣ. ಒಂದು ಕಿಲೋ ಕೇಕಿಗೆ ಸಾಮಗ್ರಿ 180 ರೂ., ಇಂಧನ ಮತ್ತು ಡಬ್ಬಿ 40 ರೂ., ಬಾಡಿಗೆ ಹಾಗೂ ಕೂಲಿಯ ಪಾಲು 100 ರೂ., ಒಟ್ಟು 320 ರೂ. ಮಾರುವ ಬೆಲೆ 400 ರೂ. ಹತ್ತು ಕೇಕು ಮಾಡಿ ಹತ್ತನ್ನೂ ಮಾರಿದರೆ 800 ರೂ. ಲಾಭ. ಎಂಟು ಮಾತ್ರ ಮಾರಾಟವಾದರೆ ಬಂದ ಹಣ 3,200 ರೂ., ಆದ ಖರ್ಚೂ 3,200 ರೂ. ಉಳಿದ ಎರಡು ಕೇಕುಗಳು ಆ ದಿನದ ದುಡಿಮೆಯನ್ನೆಲ್ಲ ತಿಂದುಹಾಕಿದಂತಾಯಿತು. ಇನ್ನು ಆ ಎಂಟರಲ್ಲಿ ಎರಡು ಉದ್ರಿ ಹೋಗಿದ್ದರೆ ಮರುದಿನದ ಮೈದಾಕ್ಕೆ ಕೈಯಿಂದಲೇ ಹಾಕಬೇಕು. ಆದ್ದರಿಂದ ಪ್ರತಿ ರಾತ್ರಿ ಬಾಗಿಲು ಹಾಕುವ ಮೊದಲು ಮಾಡಿದ್ದೆಷ್ಟು, ಮಾರಿದ್ದೆಷ್ಟು, ಉಳಿದದ್ದೆಷ್ಟು ಎಂದು ಒಂದು ವಹಿಯಲ್ಲಿ ಬರೆಯಬೇಕು. ಮೂರು ತಿಂಗಳ ಬರಹ ಕೂಡಿದ ಮೇಲೆ ಯಾವ ವಾರ ಎಷ್ಟು ಹಿಟ್ಟು ಕಲಸಬೇಕೆಂಬುದನ್ನು ಆ ವಹಿಯೇ ತಿಳಿಸುತ್ತದೆ. ಮನೆಯ ಖರ್ಚಿಗೆ ಗಲ್ಲಾಪೆಟ್ಟಿಗೆಯಿಂದ ನೇರವಾಗಿ ಹಣ ತೆಗೆಯದೆ, ಮಾಲೀಕನೂ ತಿಂಗಳಿಗೊಂದು ಪಗಾರ ಗೊತ್ತುಮಾಡಿಕೊಳ್ಳಬೇಕು. ನಿನ್ನೆ ಉಳಿದ, ಕೆಡದ ಬ್ರೆಡ್ಡನ್ನು ಕತ್ತರಿಸಿ ಮತ್ತೆ ಕಾಯಿಸಿ ಟೋಸ್ಟ್ ಮಾಡುವುದು ಪ್ರಾಮಾಣಿಕ ವ್ಯಾಪಾರವೇ. ಕೆನೆ ಹುಳಿಯಾದ ಕೇಕಿಗೆ ಮೇಲೊಂದು ಹೊಸ ಕೆನೆ ಬಳಿಯುವುದು ಮಾತ್ರ ಮಕ್ಕಳ ಹೊಟ್ಟೆಗೆ ಮಾಡುವ ದ್ರೋಹ.

ಕಾನೂನಿನ ಕೆಲಸ ಹೆಚ್ಚಿನದಲ್ಲ, ಬಿಡುವಂತಹದೂ ಅಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ಸಣ್ಣ ಅಂಗಡಿಯೂ ನೋಂದಣಿ ಪಡೆಯಬೇಕು. ಸ್ಥಳೀಯ ಸಂಸ್ಥೆಯ ವ್ಯಾಪಾರ ಪರವಾನಗಿಯೂ ಬೇಕು. ಡಬ್ಬಿಯಲ್ಲಿಟ್ಟು ಮಾರುವ ಸಸ್ಯಾಹಾರದ ಮೇಲೆ ಹಸಿರು ಚುಕ್ಕೆ ಇರತಕ್ಕದ್ದು. ಕೇಕಿನ ಮೇಲಿನ ಸರಕು ಮತ್ತು ಸೇವಾ ತೆರಿಗೆ 2025ರ ಸೆಪ್ಟೆಂಬರಿನಲ್ಲಿ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. ಸಾಲ ಬೇಕಾದವರು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಆಗ ಜಾರಿಯಲ್ಲಿರುವ ಸಹಾಯಧನಗಳನ್ನು ವಿಚಾರಿಸಿಯೇ ಬ್ಯಾಂಕಿಗೆ ಹೋಗುವುದು ಒಳ್ಳೆಯದು.

ಎಲ್ಲಕ್ಕಿಂತ ಮುಂಚೆ ಕೈ ಪಳಗಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಘಟಕವಿದೆ; ಮೈಸೂರಿನಲ್ಲಿ 1950ರಲ್ಲಿ ಸ್ಥಾಪಿತವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಹಿಟ್ಟು ಮತ್ತು ಬೇಕರಿ ಪದಾರ್ಥಗಳ ಬಗೆಗೆ ಕೆಲಸ ಮಾಡುತ್ತ ಬಂದಿದೆ. ಅಷ್ಟು ದೂರ ಹೋಗಲಾರದವರು ಕಲಬುರಗಿಯ ಯಾವುದಾದರೂ ಒಳ್ಳೆಯ ಬೇಕರಿಯಲ್ಲಿ ಆರು ತಿಂಗಳು ಕೂಲಿಗೆ ನಿಲ್ಲಲಿ. ಬೆಳಗಿನ ನಾಲ್ಕು ಗಂಟೆಗೆ ಎದ್ದು ಭಟ್ಟಿ ಹೊತ್ತಿಸಿ, ತಟ್ಟೆ ತೊಳೆದು, ಮಧ್ಯಾಹ್ನದ ಉರಿಯಲ್ಲಿ ಹಿಟ್ಟು ಕಲಸುವ ದಿನಚರಿ ತನಗೆ ಒಗ್ಗುವುದೋ ಇಲ್ಲವೋ ಎಂಬುದು, ಮನೆಯ ಹಣಕ್ಕೆ ಕೈ ಹಾಕುವ ಮೊದಲೇ, ಅಲ್ಲಿ ತಿಳಿದುಹೋಗುತ್ತದೆ.